ಕೆಸರಲ್ಲಿ ಹೂತ ಕಾಲು

“ನೋವು ಎಲ್ಲಿ? ಇಲ್ಲಿಯಾ?” ಡಾಕ್ಟರಮ್ಮ ಆಯಿಯ ಬಲಮಂಡಿ ಮಡಚಿ, ಪಾದವನ್ನು ಮೆಲ್ಲಗೆ ತಿರುಗಿಸಿದರು.

“ಅಯ್ಯಯ್ಯೋ! ಅಲ್ಲೇ, ಅಲ್ಲೇ!” ಆಯಿ ಮಂಚದ ಅಂಚು ಹಿಡಿದಳು.

ಪಕ್ಕದಲ್ಲಿದ್ದ ಮಗಳು ಸ್ವಾತಿ ಕಣ್ಣು ಬೇರೆಡೆ ಹೊರಳಿಸಿದಳು. ಆ ನೋವು ಯಾರಿಂದ ಬಂತೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಮೂರು ವಾರದ ಹಿಂದೆ, ಕಡಲಿನ ಇಳಿತಕ್ಕೆ ನೀರು ಇಳಿದಾಗ, ಇಬ್ಬರೂ ಬೆಳಂಬಾರದ ಹತ್ತಿರ ಹೊಳೆಗೆ ಬಳಚು, ಅಂದರೆ ಕೆಸರಲ್ಲಿ ಸಿಗುವ ಚಿಪ್ಪುಮೀನು, ಹೆಕ್ಕಲು ಹೋಗಿದ್ದರು. ಚಿಪ್ಪು ಹುಡುಕುತ್ತ ಸ್ವಾತಿ ದೂರ ಹೋಗಿಬಿಟ್ಟಿದ್ದಳು. ಆಯಿ ಕೂಗಿದಾಗ ಓಡಿಬಂದು ನೋಡಿದರೆ, ಆಯಿಯ ಕಾಲು ಕೆಸರಲ್ಲಿ ಹೂತಿತ್ತು. ಸ್ವಾತಿ ಎರಡೂ ಕೈಯಿಂದ ಎಳೆದಳು. ಕಾಲು ಬಂತು, ಜೊತೆಗೆ ಆಯಿಯ ಚೀರಾಟವೂ.

ಅಂದಿನಿಂದ ಮಂಡಿ ನಡುನಡುವೆ ಸಿಕ್ಕಿಕೊಳ್ಳುತ್ತಿತ್ತು. ಅಜ್ಜಿ ಎಣ್ಣೆ ತಿಕ್ಕಿದರೂ ಬಿಡಲಿಲ್ಲ. ಕುಕ್ಕರುಗಾಲಲ್ಲಿ ಕೂರಲಾಗದಿದ್ದರೆ ಬಳಚು ಹೆಕ್ಕುವುದಾದರೂ ಹೇಗೆ?

“ಬಾ, ಸ್ಕ್ಯಾನ್ ನೋಡುವಾ,” ಎಂದು ಡಾಕ್ಟರಮ್ಮ ಸ್ವಾತಿಯನ್ನು ಕಂಪ್ಯೂಟರ್ ಹತ್ತಿರ ಕರೆದರು. “ಮೇಲೆ ತೊಡೆ ಮೂಳೆ, ಕೆಳಗೆ ಕಾಲಿನ ಮೂಳೆ. ನಡುವೆ ಕಪ್ಪಗೆ ಕಾಣ್ತದಲ್ಲ, ಅದು ಮೆತ್ತೆ. ಬಿದಿಗೆ ಚಂದ್ರನ ಹಾಗೆ ಬಾಗಿರ್ತದೆ. ಒಂದು ಮಂಡಿಗೆ ಎರಡು.”

ಸ್ವಾತಿ ಬಾಯಿ ತೆರೆದು ನೋಡಿದಳು. ತಲೆ ಮೇಲೆ ಬಳಚಿನ ಬುಟ್ಟಿ ಹೊತ್ತು ಬರುವ ಆಯಿಯನ್ನು ಇಷ್ಟು ದಿನ ಹೊತ್ತದ್ದು ಈ ಪುಟ್ಟ ಚಂದ್ರರೇ?

“ಈ ಬಿಳಿ ಗೆರೆ?”

“ಅಲ್ಲೇ ಹರಿದದ್ದು. ಅಂಚಿನ ಹತ್ತಿರ ಇದೆ, ಅಲ್ಲಿಗೆ ರಕ್ತ ಬರ್ತದೆ. ಹೊಲಿದ್ರೆ ಕೂಡ್ಬಹುದು. ಎರಡು ಸಣ್ಣ ತೂತು ಸಾಕು. ಒಂದರಲ್ಲಿ ಕ್ಯಾಮೆರಾ, ಒಂದರಲ್ಲಿ ಸೂಜಿ. ಆದ್ರೆ ಆರು ತಿಂಗಳು ಕೆಸರಿಗೆ ಇಳಿಯೂ ಹಾಗಿಲ್ಲ.”

“ನಾನೇ ಎಳೆದದ್ದು!” ಸ್ವಾತಿ ಬಿಕ್ಕಿದಳು. “ನನ್ನಿಂದಲೇ ಹರೀತು.”

“ಅಲ್ವೇ ಪುಟ್ಟಿ. ಪಾದ ಹೂತಿರುವಾಗ ಮೈ ತಿರುಗಿದ್ರೆ ಹೀಗೆ ಹರಿಯೂದು. ಉಮಾ, ನೀವು ತಿರುಗಿದ್ರಾ?”

ಆಯಿ ತಲೆ ತಗ್ಗಿಸಿದಳು. “ನೀರು ಏರ್ತಾ ಇತ್ತು. ಇವಳು ಎಲ್ಲಿದ್ದಾಳೆ ಅಂತ ಸಟಕ್ಕನೆ ತಿರುಗಿದೆ. ಆವಾಗ್ಲೇ ಒಳಗೆ ಟಕ್ ಅಂತು. ಇವಳು ಎಳೆದದ್ದು ಆಮೇಲೆ.”

“ಮತ್ತೆ ಎಂತಕೆ ಹೇಳ್ಲಿಲ್ಲ ಆಯಿ?”

“ನಿನ್ನ ಹುಡುಕೂಕೆ ತಿರುಗಿ ಹಿಂಗಾಯ್ತು ಹೇಳಿರೆ ನೀ ಮತ್ತೆ ನನ್ನ ಸಂಗ್ತಿ ಹೊಳಿಗೆ ಬತ್ತಿದ್ಯೆ?”

ಆಸ್ಪತ್ರೆಯ ಹೊರಗೆ ಕಾರವಾರದ ರಸ್ತೆ ತುಂಬಾ ಬಸ್ಸು, ಆಟೋ. ಆಯಿ ಕೋಲೂರಿ ನಿಧಾನ ನಡೆಯುತ್ತಿದ್ದಳು. ಹಿಂದೆ ಉಳಿದಿದ್ದ ಸ್ವಾತಿ ಓಡಿ ಮುಂದೆ ಬಂದಳು. ಆಯಿ ತಿರುಗದೆಯೇ ತಾನು ಕಾಣುವಂತೆ ಎದುರಿಗೆ ನಿಂತು, ಅವಳತ್ತಲೇ ಮುಖ ಮಾಡಿ, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ನಡೆದಳು.