ಹನ್ನೊಂದಕ್ಕೆ ನಿಲ್ಲುತ್ತಿದ್ದ ಸೋಲಾರ್

"ಯಾರೋ ನಮ್ಮ ಸೋಲಾರ್ ಕೆಡಿಸುತ್ತಿದ್ದಾರೆ. ಪಕ್ಕದ ಮನೆಯ ಬಾಬ್ಜಿಯೇ ಇರಬೇಕು. ಸೋಮವಾರ ಪೊಲೀಸರಿಗೆ ದೂರು ಕೊಡುತ್ತೇನೆ," ಎಂದರು ದುರ್ಗಾಪ್ರಸಾದ್, ತೆಲುಗಿನಲ್ಲಿ.

ಭವಾನಿಪುರಂನ ನಮ್ಮ ಬೀದಿಯವರು ಇಂಥ ತೊಡಕು ಬಂದಾಗ ಲಕ್ಷ್ಮೀಕಾಂತಮ್ಮನವರ ಬಳಿ ಬರುತ್ತಿದ್ದರು. ಅವರು ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ಮೀಟರ್ ಪರೀಕ್ಷಿಸಿ ನಿವೃತ್ತರಾದವರು. ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದ ನಾನು ಅವರ ಬಾಡಿಗೆದಾರ; ಇಂಥ ಕೆಲಸಗಳಲ್ಲಿ ಜೊತೆಗಾರ.

ದುರ್ಗಾಪ್ರಸಾದರ ಹೆಂಡತಿ ಶಾರದಾ ಪಕ್ಕದಲ್ಲಿ ಕೂತಿದ್ದರು. ದಾವಣಗೆರೆಯಿಂದ ಮದುವೆಯಾಗಿ ಬಂದವರು.

"ಬಾಬ್ಜಿಗೆ ಏನು ಕೋಪ?" ಎಂದು ಕೇಳಿದರು ಲಕ್ಷ್ಮೀಕಾಂತಮ್ಮ.

"ಪ್ಯಾನೆಲ್ ಮೇಲೆ ನೆರಳು ಬೀಳುತ್ತೆ ಅಂತ ಅವನ ಬೇವಿನ ಕೊಂಬೆ ಕಡಿಸಿದೆ."

ದುರ್ಗಾಪ್ರಸಾದರ ಮೊಬೈಲಿನಲ್ಲಿ ಲಕ್ಷ್ಮೀಕಾಂತಮ್ಮ ಎರಡು ತಿಂಗಳ ವಿದ್ಯುತ್ ಉತ್ಪಾದನೆಯ ಗೆರೆಗಳನ್ನು ನೋಡಿದರು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಗೆರೆ ಗೋಡೆಯಿಂದ ಬಿದ್ದಂತೆ ನೇರ ಸೊನ್ನೆಗೆ ಇಳಿಯುತ್ತಿತ್ತು. ಸುಮಾರು ಅರ್ಧ ಗಂಟೆಯ ಮೇಲೆ ಮತ್ತೆ ಏರುತ್ತಿತ್ತು. ನಡುವೆ ಒಂದು ವಾರ ಮಾತ್ರ, ಮಂಗಳವಾರ ನಿಂತದ್ದು ಶುಕ್ರವಾರ ನಿಂತಿರಲಿಲ್ಲ.

"ಆಗ ಏನು ಮಾಡುತ್ತೀರಿ?"

"ನಾನು ಆಫೀಸಿನಲ್ಲಿರುತ್ತೇನೆ. ಸೋಲಾರ್ ನಿಂತದ್ದು ಕಂಪನಿಗೆ ಕಾಣುತ್ತೆ, ಅವರ ವಿಶಾಖಪಟ್ಟಣದ ಸರ್ವೀಸ್ ಸೆಂಟರಿನಿಂದ ಮನೆಗೆ ಫೋನ್ ಬರುತ್ತೆ."

"ಫೋನ್ ಮಾಡುವವರು ಯಾರು?"

ಉತ್ತರ ಶಾರದಾರಿಂದ ಬಂತು. "ಸಹನಾ. ನನ್ನ ತಂಗಿ."

"ಕಂಪನಿ ಕೆಲಸ ಅಂತ ಸುಮ್ಮನಿದ್ದೇನೆ," ಎಂದರು ದುರ್ಗಾಪ್ರಸಾದ್. "ನಾನು ಒಪ್ಪಿಸಿದ ಸಂಬಂಧವನ್ನು ನಿಶ್ಚಿತಾರ್ಥದ ಹಿಂದಿನ ದಿನ ಬೇಡವೆಂದವಳು. ಎರಡು ವರ್ಷದಿಂದ ನಮ್ಮ ಮನೆಗೆ ಬಂದಿಲ್ಲ."

ನಾವು ಅವರ ಟೆರೇಸಿಗೆ ಹೋದೆವು. ಬಾಗಿಲಿನ ಬೀಗ ಸರಿಯಾಗಿತ್ತು. ಕೀಲಿ ಶಾರದಾರ ಅಡುಗೆಮನೆಯಲ್ಲಿತ್ತು. ಬಾಬ್ಜಿಯ ಕಡೆಯ ಗೋಡೆಯ ಮೇಲೆ ದಟ್ಟ ಪಾಚಿ, ಒಂದು ಗೀರೂ ಇರಲಿಲ್ಲ. ಸೋಲಾರ್ ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಕಡು ಕೆಂಪು ಕುಂಕುಮದ ಬೆರಳಚ್ಚಿತ್ತು. ಸಂಜೆ, ಬಾಬ್ಜಿ ಲಾರಿ ರಿಪೇರಿ ಮಾಡುವ ಆಟೋನಗರ್‌ಗೆ ಹೋಗಿ ವಿಚಾರಿಸಿದೆ. ಬಾಬ್ಜಿ ಒಂಬತ್ತಕ್ಕೆ ಶೆಡ್ಡಿಗೆ ಬಂದರೆ ಕತ್ತಲಾಗುವವರೆಗೂ ಲಾರಿಗಳ ಕೆಳಗೇ ಇರುತ್ತಿದ್ದರು.

ಭಾನುವಾರ ಬೆಳಿಗ್ಗೆ ಲಕ್ಷ್ಮೀಕಾಂತಮ್ಮ ಎಲ್ಲರನ್ನೂ ಹಜಾರಕ್ಕೆ ಕರೆದರು. ದಂಪತಿ ಬಂದರು, ಬಾಬ್ಜಿ ಬಂದರು. ಕೊನೆಗೆ, ಲಕ್ಷ್ಮೀಕಾಂತಮ್ಮ ಫೋನ್ ಮಾಡಿ ಕರೆಸಿದ್ದ ಸಹನಾ ರೈಲಿಳಿದು ಬಂದಳು. ಅಕ್ಕ ಎದ್ದು ನಿಂತವರು ಗಂಡನ ಮುಖ ನೋಡಿ ಕೂತುಬಿಟ್ಟರು.

"ನೆರಳಾದರೆ ಗೆರೆ ನಿಧಾನವಾಗಿ ಇಳಿಯುತ್ತೆ," ಎಂದರು ಲಕ್ಷ್ಮೀಕಾಂತಮ್ಮ. "ಇದು ಯಾರೋ ಸ್ವಿಚ್ ಆರಿಸಿದ್ದು. ಗೋಡೆ ಹತ್ತಿಲ್ಲ, ಬೀಗ ಒಡೆದಿಲ್ಲ. ಬಾಬ್ಜಿ ಆ ಹೊತ್ತಿಗೆ ಇಲ್ಲಿರುವುದೇ ಇಲ್ಲ. ಆರಿಸಿದವರು ಮನೆಯವರೇ, ಆಗತಾನೆ ಪೂಜೆ ಮುಗಿಸಿ ಬಂದವರು. ಅದರಿಂದ ಅವರಿಗೇನು ಲಾಭ? ಒಂದು ವಾರ ಶುಕ್ರವಾರ ಸೋಲಾರ್ ನಿಲ್ಲಲಿಲ್ಲ. ಆ ವಾರ ಸಹನಾ ರಜೆಯಲ್ಲಿದ್ದಳಂತೆ. ಮಂಗಳವಾರ ಫೋನ್ ಮಾಡಿದ್ದು ಉದಯ್ ಅನ್ನುವ ಬೇರೆಯವನು. ಅವನ ಫೋನ್ ಯಾರಿಗೂ ಬೇಕಿರಲಿಲ್ಲ."

ಶಾರದಾ ತಲೆ ಎತ್ತಲಿಲ್ಲ. "ಅವಳಿಗೆ ನಾನಾಗಿ ಫೋನ್ ಮಾಡಲ್ಲ ಅಂತ ಇವರು ಇಂದ್ರಕೀಲಾದ್ರಿ ಬೆಟ್ಟದ ಗುಡಿಯಲ್ಲಿ ದೇವಿಯ ಮುಂದೆ ಆಣೆ ಹಾಕಿಸಿದ್ರು. ನಾನು ಮಾಡಿಲ್ಲ. ಅವಳೇ ಮಾಡ್ತಿದ್ಲು. ಈ ಊರಲ್ಲಿ ನನ್ನ ಜೊತೆ ನಮ್ಮ ಕನ್ನಡ ಮಾತಾಡೋರು ಯಾರಿದ್ದಾರೆ, ಅಮ್ಮ?"

"ನನಗೆ ಮೂರನೇ ಸಲವೇ ಗೊತ್ತಾಯ್ತು, ಅಕ್ಕ," ಎಂದಳು ಸಹನಾ. "ಸ್ವಿಚ್ ಹಾಕು ಅಂದ್ರೆ ಮುಗೀತಿತ್ತು. ಅದಕ್ಕೇ ಮೊದಲು ಊಟ ಆಯ್ತಾ ಅಂತ ಕೇಳ್ತಿದ್ದೆ. ಸ್ವಿಚ್ಚಿನ ಮಾತು ಕೊನೆಗಿಟ್ಕೋತಿದ್ದೆ."

ದುರ್ಗಾಪ್ರಸಾದ್ ಎದ್ದು ಬಾಬ್ಜಿಯ ಎರಡೂ ಕೈ ಹಿಡಿದು, "ತಪ್ಪಾಯಿತಯ್ಯಾ," ಎಂದರು. ಆಮೇಲೆ ನಾದಿನಿಯ ಕಡೆ ತಿರುಗಿ, ಒಂದೊಂದೇ ಪದವನ್ನು ಹುಡುಕುತ್ತ, ತಮಗೆ ಸರಿಯಾಗಿ ಬಾರದ ಕನ್ನಡದಲ್ಲಿ ಹೇಳಿದರು:

"ಮನೆಗೆ ಬಾ, ಸಹನಾ. ಅಕ್ಕ ಅಡುಗೆ ಮಾಡ್ತಾಳೆ."