ಮೂರನೇ ಟ್ಯಾಂಕು ತಿಂದ ಕೋಟು

ಕಂಪನಿಯ ಸನ್ಮಾನ ಫಲಕದಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಗುಬ್ಬಣ್ಣನದು ಇರಲಿಲ್ಲ. ಪ್ಲಾಸ್ಟಿಕ್ ಕರಗಿಸುವ ಕಿಣ್ವವನ್ನು ಮೂರನೇ ಟ್ಯಾಂಕಿನಲ್ಲಿ ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವನು ಅವನು. ಬಿಸಿ ಎಷ್ಟಿದ್ದರೆ ಅದು ಬಕಾಸುರನಂತೆ ತಿನ್ನುತ್ತದೆಂದು ಕಂಡುಕೊಂಡವನೂ ಅವನೇ. ಸಮಾರಂಭದ ಫೋಟೊ ತೆಗೆದವನ ಹೆಸರೂ ಇತ್ತಲ್ಲ! ಗುಬ್ಬಣ್ಣನಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಎದುರಾಳಿ ಕಂಪನಿಯಿಂದ ಫೋನ್ ಬಂತು. "ಕಿಣ್ವ ಮಾಡೋ ಹೆಪ್ಪು ಒಂದು ಶೀಶೆ ತಂದ್ಕೊಡಿ. ನಮ್ಮ ಫಲಕದಲ್ಲಿ ಮೊದಲ್ನೇ ಹೆಸರು ನಿಮ್ದೇ." ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಅಡ್ಡಿ ಒಂದೇ, ಕ್ಯಾಮೆರಾ. ಅದಕ್ಕೆ ತಲೆಮುಸುಕಿನ ಕಪ್ಪು ಮಳೆಕೋಟು ಕೊಂಡ. ನೀರಿನ ಬಾಟಲಿಯದೇ ಪ್ಲಾಸ್ಟಿಕ್ಕಿನ ನೂಲು, ಹೊಲಿಗೆ ದಾರವೂ ಅದೇ. ಅಂಚು ಕತ್ತರಿಸಿ ಟ್ಯಾಂಕಿಗೆ ಹಾಕಿ ನೋಡಿದ. ಐದು ಗಂಟೆಯಲ್ಲಿ ಮಂಗಮಾಯ! ಜಿಪ್ಪು, ಗುಂಡಿಗಳನ್ನೆಲ್ಲ ಕಿತ್ತೆಸೆದು, ಅಡುಗೆಮನೆ ಬಾಗಿಲ ಹಿಂದೆ ನೇತುಹಾಕಿದ.

"ಗುಂಡೀನೇ ಇಲ್ವಲ್ಲೋ ಇದಕ್ಕೆ!" ಎಂದರು ಅಮ್ಮ.

"ಈಗಿನ ಫ್ಯಾಷನ್ನಮ್ಮ."

"ಏನು ಫ್ಯಾಷನ್ನೋ. ಹೋದ ಕೋಟಿನ ಹಾಗೆ ಇದನ್ನೂ ಕಳ್ಕೊಂಡು ಬರ್ಬೇಡ."

ಕಳೆಯುವುದಕ್ಕೇ ತಾನೇ ತಂದದ್ದು! ದಿಂಬಿಗೆ ಮುಖವೊತ್ತಿ ನಕ್ಕು, ಹಾಯಾಗಿ ಮಲಗಿದ.

ಮರುದಿನ ಊಟದ ಬಿಡುವಿನಲ್ಲಿ ಮುಸುಕು ಎಳೆದುಕೊಂಡು ಹೆಪ್ಪಿನ ಕೋಣೆಗೆ ನುಗ್ಗಿದ. ಕ್ಯಾಮೆರಾಕ್ಕೆಂದೇ ಕುಂಟಿದ. ಕುಂಟುವುದು ಎಷ್ಟು ಖುಷಿ ಕೊಟ್ಟಿತೆಂದರೆ, ವಾಪಸಾಗುವಾಗ ನಾಲ್ಕು ಹೆಜ್ಜೆ ಹೆಚ್ಚಿಗೇ ಕುಂಟಿದ. ಶೀಶೆ ಸ್ಟೀಲ್ ಫ್ಲಾಸ್ಕಿಗೆ ಸೇರಿತು, ಕೋಟು ಟ್ಯಾಂಕಿಗೆ. ಆಮೇಲೆ ಕೈತೊಳೆದು ಎರಡು ಬಾಳೆಹಣ್ಣು ತಿಂದ.

ಸಂಜೆ ಆರಕ್ಕೆ ಇನ್ಸ್‌ಪೆಕ್ಟರ್ ಕಂಪನಿಯ ಮುಖ್ಯಸ್ಥೆಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದರು. "ಗೇಟಿಂದ ಯಾರೂ ಆಚೆ ಹೋಗಿಲ್ಲ. ಹಾಗಾದ್ರೆ ಆ ಕೋಟು ಎಲ್ಲಿ ಹೋಯ್ತು ಮೇಡಂ?"

"ಕಾಲ ಕೆಟ್ಟೋಗಿದೆ ಸಾರ್," ಎಂದು ಗುಬ್ಬಣ್ಣ ನಿಟ್ಟುಸಿರುಬಿಟ್ಟ. ಒಳಗೊಳಗೇ ಕುಣಿಯುತ್ತಿದ್ದ.

ಆಗ ಟ್ಯಾಂಕಿನ ಜರಡಿ ತೊಳೆಯುವಾಕೆ ಒದ್ದೆ ಕೈಯಲ್ಲೇ ಬಂದಳು. ಕಿಣ್ವ ಕೋಟನ್ನು ಒಂದೆಳೆಯೂ ಬಿಡದೆ ತಿಂದಿತ್ತು. ಆದರೆ ಅದು ಹತ್ತಿಯನ್ನು ಮೂಸಿಯೂ ನೋಡುವುದಿಲ್ಲ. "ಜರಡೀಲಿ ಸಿಕ್ತು. ನಿಮ್ಮಮ್ಮ ಹೊಲ್ದಿರೋದಲ್ವಾ ಇದು? ನಿಮ್ಮ ಅಂಗಿ ಕಾಲರಲ್ಲೆಲ್ಲ ಹೀಗೇ ಇರುತ್ತಲ್ಲ," ಎಂದು ಹಳೆಯ ದಿಂಬಿನ ಚೀಲದ ಬೆರಳುದ್ದ ತುಂಡೊಂದನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಕೆಂಪು ದಾರದ ದುಂಡು ಅಕ್ಷರಗಳು. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಮೇಡಂ ಅವನ ಹೆಸರನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು.