ನಲವತ್ತನಾಲ್ಕು ಔನ್ಸಿನ ಲೋಟ

ಮಗಳು ಬ್ರಿನ್ಲಿ ಬದುಕಿದ್ದರೆ ಸೆಪ್ಟೆಂಬರಿನ ಆ ಶನಿವಾರ ಅವಳಿಗೆ ಎಂಟು ತುಂಬುತ್ತಿತ್ತು. ಎಂಟು ತುಂಬಿದ ಮಗುವಿಗೆ ಬಿಳಿ ಬಟ್ಟೆ ತೊಡಿಸಿ, ಚರ್ಚಿನ ನೀರಿನ ತೊಟ್ಟಿಗೆ ಇಳಿಸಿ, ತಂದೆಯೇ ಒಮ್ಮೆ ಪೂರ್ತಿಯಾಗಿ ಮುಳುಗಿಸಿ ಎತ್ತಿ ದೀಕ್ಷಾಸ್ನಾನ ಮಾಡಿಸುವುದು ಯೂಟಾದ ಆ ಕಣಿವೆಯ ಜನರ ನಡೆ. ವರ್ಲನ್ ಓಸ್ಟ್ಲರ್ ಅಂದು ಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು, ಎತ್ತಬೇಕಾಗಿದ್ದ ತನ್ನ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದ. ನೀರು ಅವಳನ್ನು ಮೂರು ವರ್ಷ ಮೊದಲೇ ಮುಳುಗಿಸಿತ್ತು. ಎತ್ತಿರಲಿಲ್ಲ.

ಕಾರು ಬಂದು ನಿಂತಿತು. ಅವನ ಹೆಂಡತಿ ಜನೀಲ್ ಇಳಿದಳು. ಕೈಯಲ್ಲಿ ಅದೇ ಲೋಟ. ಮುಚ್ಚಳ ಬಿಗಿದ, ಸ್ಟ್ರಾ ಸಿಕ್ಕಿಸಿದ, ಸೋಡಾ ಅಂಗಡಿಯ ಚೀಟಿ ಅಂಟಿಸಿದ, ನಲವತ್ತನಾಲ್ಕು ಔನ್ಸು, ಅಂದರೆ ಒಂದೂಕಾಲು ಲೀಟರಿನ ಮೇಲೆ, ಹಿಡಿಯುವ ಉಕ್ಕಿನ ಲೋಟ.

"ಅರ್ಡಿತ್ ಮನೆಗೆ ಹೋಗಿದ್ದೆ, ತಡ ಆಯ್ತು. ಏನಾದ್ರೂ ತಿಂದ್ಯಾ?"

ಅವನು ಲೋಟವನ್ನೇ ನೋಡಿದ. ಇವತ್ತೂ! ಇವತ್ತಿನ ದಿನವೂ! ಅವಳು ಏನೋ ಹೇಳಬೇಕೆಂದುಕೊಂಡವಳಂತೆ ತುಟಿ ಅಲುಗಿಸಿ, ಒಳಗೆ ಹೋದಳು. ಅವಳನ್ನು ಕೊಲ್ಲಬೇಕೆಂದು ವರ್ಲನ್ ನಿಶ್ಚಯಿಸಿದ್ದು ಆ ಕ್ಷಣದಲ್ಲಿ. ಸಿಟ್ಟು ಬರಲಿಲ್ಲ. ಬಹಳ ದಿನ ಹೊತ್ತ ಮೂಟೆಯನ್ನು ಇಳಿಸಲು ಜಾಗ ಸಿಕ್ಕಿದವನಂತೆ ಒಂದು ನಿಟ್ಟುಸಿರು ಬಂತು, ಅಷ್ಟೆ.

ಮೂರು ವರ್ಷದ ಹಿಂದೆ ಒಂದು ಮಂಗಳವಾರ. ಮಂಗಳವಾರ ಮಧ್ಯಾಹ್ನ ಸೋಡಾ ಅಂಗಡಿಯಲ್ಲಿ ಅರ್ಧ ಬೆಲೆ, ಕಾರುಗಳ ಸಾಲು ಹೆದ್ದಾರಿಯವರೆಗೆ. ಹತ್ತು ನಿಮಿಷದಲ್ಲಿ ಬರುತ್ತೇನೆಂದು ಮಗುವನ್ನು ಅಂಗಳದಲ್ಲಿ ಬಿಟ್ಟು ಹೋದ ಜನೀಲ್ ಬಂದದ್ದು ಅರ್ಧ ಗಂಟೆಯ ಮೇಲೆ. ಅಷ್ಟರಲ್ಲಿ ಹಿಂದಿನ ಗೇಟು ತೆರೆದಿತ್ತು, ಗೇಟಿನಾಚೆ ಹೊಲಗಳ ಕಾಲುವೆ ತುಂಬಿ ಹರಿಯುತ್ತಿತ್ತು. ಆ ಗೇಟಿನ ಚಿಲಕ ಕೆಟ್ಟು ತಿಂಗಳಾಗಿತ್ತು. ಅದನ್ನು ಸರಿಮಾಡುವುದು ಯಾರ ಕೆಲಸವಾಗಿತ್ತು ಎಂಬ ಕಡೆಗೆ ವರ್ಲನ್ ತನ್ನ ಮನಸ್ಸನ್ನು ಹೋಗಗೊಡುತ್ತಿರಲಿಲ್ಲ. ಜನೀಲ್ ಕೂಡ ಒಂದು ದಿನವೂ ಆ ಮಾತು ಎತ್ತಿರಲಿಲ್ಲ. ಅವನು ಚರ್ಚಿಗೆ ಹೋಗುವುದನ್ನು ಬಿಟ್ಟ. ಅವಳು ಚರ್ಚನ್ನೂ ಬಿಡಲಿಲ್ಲ, ಸೋಡಾವನ್ನೂ ಬಿಡಲಿಲ್ಲ. ಮೊದಲು ದಿನಕ್ಕೆ ಮೂರು ಲೋಟವಿದ್ದದ್ದು ಮಗು ಹೋದ ಮೇಲೆ ಆರಾಯಿತು. ಮಗುವನ್ನು ನುಂಗಿದ್ದನ್ನೇ ಇವಳು ಹೀರುತ್ತಿದ್ದಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು.

ವರ್ಲನ್ ಆ ಊರಿನ ಔಷಧದಂಗಡಿ ನಡೆಸುವವನು. ಅವಸರ ಅವನ ಜಾಯಮಾನದಲ್ಲಿರಲಿಲ್ಲ. ಅವನು ಮೊದಲು ಊರಿನ ಬಾಯಿಗೆ ಕಿವಿಗೊಟ್ಟ. ಕಾಫಿ ಮುಟ್ಟದ, ಚಹಾ ಮುಟ್ಟದ, ಹೆಂಡದ ವಾಸನೆಯನ್ನೂ ಸಹಿಸದ ಆ ಜನರಿಗೆ ಉಳಿದಿದ್ದ ಒಂದೇ ಸಣ್ಣ ಪಾಪ ಈ ಸೋಡಾ, ಸಕ್ಕರೆಯಿಲ್ಲದ ಡಯಟ್ ಕೋಲಾ. ಹಾಗಾಗಿ ಅದರ ಬಗ್ಗೆ ಮಾತಿಗೆ ಬರವಿರಲಿಲ್ಲ. ಅಂಗಡಿಯ ಕಟ್ಟೆಗೆ ಒರಗಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

"ಸಕ್ಕರೆ ಇಲ್ಲವಲ್ಲ, ಅದರಲ್ಲೇನು ಕೇಡು?"

"ಸಕ್ಕರೆ ಇಲ್ಲದೆ ಸಿಹಿ ಎಲ್ಲಿಂದ ಬಂತು ಅಂತ ಕೇಳ್ದ್ಯಾ? ಮೂಳೆ ಸವೆಯುತ್ತೆ ಅಂತಾಳೆ ನನ್ನ ತಂಗಿ."

"ನಿನ್ನ ತಂಗಿ ಮೂಳೆ ಸವೆದಿದ್ದು ನಾಲಿಗೆ ಆಡಿಸಿ ಆಡಿಸಿ!"

ಚರ್ಚಿನ ಮಹಿಳಾ ಸಂಘದ ಹಿರಿಯಳಾದ ಅರ್ಡಿತ್ ಬ್ಯಾಗ್ಲಿ, ಎಪ್ಪತ್ತೆಂಟರ ಮುದುಕಿ, ರಕ್ತದೊತ್ತಡದ ಗುಳಿಗೆಗೆ ಬಂದಾಗಲೆಲ್ಲ ಛೇಡಿಸುತ್ತಿದ್ದಳು: "ಏನಪ್ಪಾ ವರ್ಲನ್, ನಿನ್ನ ಹೆಂಡತಿಗೆ ಸೂಜಿ ಚುಚ್ಚಿದ್ರೆ ರಕ್ತ ಬರಲ್ವಂತೆ, ಬುಸ್ ಅಂತ ಗುಳ್ಳೆ ಬರುತ್ತಂತೆ!"

ಊರ ವೈದ್ಯ ಪಿಕ್ಸ್ಟನ್ ತಾನೇ ಒಂದು ಡಯಟ್ ಕೋಲಾ ಹಿಡಿದುಕೊಂಡು, ಚರ್ಚಿನವರು ಒಬ್ಬರನ್ನೊಬ್ಬರು ಕರೆಯುವ ರೂಢಿಯಂತೆ ಕರೆದು, ಹೇಳಿದ್ದ: "ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಿಲ್ಲ, ಬ್ರದರ್ ಓಸ್ಟ್ಲರ್. ಹೃದಯಕ್ಕೆ ಕೇಡು ಅಂತ ಒಬ್ಬ ಬರೀತಾನೆ, ಏನೂ ಆಗಲ್ಲ ಅಂತ ಇನ್ನೊಬ್ಬ. ಒಂದೆರಡು ಕುಡಿದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಸಿಸ್ಟರ್ ಜನೀಲ್ ಕುಡಿಯೋದು ಒಂದೆರಡಲ್ಲವಲ್ಲ."

ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಎಲ್ಲರಿಗೂ ಅರ್ಧ ನಂಬಿಕೆ ಇದೆ. ಆ ಅರ್ಧ ನಂಬಿಕೆಯಲ್ಲೇ ತನಗೆ ಜಾಗವಿದೆ ಎಂದು ವರ್ಲನ್ ಕಂಡುಕೊಂಡ. ಪೂರ್ತಿ ತಿಳಿದ ವಿಷಯವನ್ನು ಜನ ಪರೀಕ್ಷಿಸುತ್ತಾರೆ. ಅರ್ಧ ನಂಬಿದ್ದು ಕಣ್ಣೆದುರು ನಡೆದರೆ "ನಾನು ಆವತ್ತೇ ಹೇಳಿದ್ದೆ" ಎಂದು ತಲೆಯಾಡಿಸಿ ಮನೆಗೆ ಹೋಗುತ್ತಾರೆ.

ದಾರಿಯನ್ನು ಪಿಕ್ಸ್ಟನನೇ ತೋರಿಸಿಕೊಟ್ಟಿದ್ದ. ಎರಡು ವರ್ಷದ ಹಿಂದೆ ಜನೀಲಳ ರಕ್ತ ಪರೀಕ್ಷಿಸಿ, ಪೊಟ್ಯಾಸಿಯಂ ಕಡಿಮೆಯಾಗಿದೆ, ಲೀಟರುಗಟ್ಟಲೆ ಕೋಲಾ ಕುಡಿಯುವವರಲ್ಲಿ ಹೀಗಾಗುವುದುಂಟು ಎಂದು ಗುಳಿಗೆ ಬರೆದಿದ್ದ. ಹೃದಯದ ತಾಳ ತಪ್ಪದಂತೆ ಕಾಯುವ ಉಪ್ಪು ಅದು. ತಾಳ ತಪ್ಪಿದರೆ ಹಾಡು ನಿಲ್ಲುತ್ತದೆ. ಗುಳಿಗೆ ಕೊಡುವವನು ವರ್ಲನ್. ಅಕ್ಟೋಬರಿನಿಂದ ಅವಳ ಶೀಶೆಯಲ್ಲಿದ್ದದ್ದು ಅದೇ ಬಣ್ಣದ, ಅದೇ ಗಾತ್ರದ ಹುಸಿ ಗುಳಿಗೆ. ಅದರ ಮೇಲೆ, ಮೈಯ ಉಪ್ಪನ್ನು ನೀರಿನೊಂದಿಗೆ ಹೊರಗೆ ತಳ್ಳುವ ಇನ್ನೊಂದು ಮದ್ದು, ಸಂಜೆಯ ಸೂಪಿನಲ್ಲಿ. ಸತ್ತವರ ಮನೆಯವರು ನಾಶಮಾಡಲೆಂದು ತಂದುಕೊಡುವ ಹಳೆಯ ಔಷಧಗಳ ಪೆಟ್ಟಿಗೆ ಅಂಗಡಿಯಲ್ಲಿತ್ತು. ಅದರಲ್ಲಿ ಏನಿತ್ತು, ಏನು ಹೋಯಿತು ಎಂದು ಕೇಳುವವರಿಲ್ಲ.

ಮೂರು ವರ್ಷದಲ್ಲಿ ಮೊದಲ ಸಲ ಅವನು ಅಡುಗೆಮನೆಗೆ ಹೋಗಿ ಸೂಪು ಮಾಡಿದಾಗ ಜನೀಲ್ ಬಾಗಿಲ ಬಳಿ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

"ನನಗೋಸ್ಕರನಾ?"

"ಚಳಿ ಅಲ್ವಾ."

ಅವಳು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಕೊನೆಯ ತೊಟ್ಟಿನವರೆಗೂ ಕುಡಿದಳು. ಕಣ್ಣು ತುಂಬಿತ್ತು. ಅವನು ಕಿಟಕಿಯಾಚೆಯ ಹಿಮವನ್ನು ನೋಡಿದ. ಆ ದಿನದಿಂದ ಪ್ರತಿ ಸಂಜೆ ಅವಳು ಸೂಪಿಗೆ ಮೊದಲು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರತೊಡಗಿದಳು. ಪ್ರಾರ್ಥನೆಯೆಂದು ಅವನಿಗೆ ಗೊತ್ತಿತ್ತು. ಯಾರಿಗಾಗಿ ಎಂದು ಕೇಳಲಿಲ್ಲ.

ಚಳಿಗಾಲ ನಡೆಯಿತು. ಅವಳಿಗೆ ಕಾಲು ಹಿಡಿಯತೊಡಗಿತು. ಮೆಟ್ಟಿಲು ಹತ್ತಿದರೆ ಎದೆ ಹಕ್ಕಿಯಂತೆ ಬಡಿದುಕೊಳ್ಳುತ್ತದೆ ಎನ್ನುತ್ತಿದ್ದಳು. ಅವನು ಊರಲ್ಲೆಲ್ಲ ಚಿಂತೆಯ ಗಂಡನಾದ. "ಆ ಸೋಡಾ ಅವಳನ್ನ ತಿಂತಾ ಇದೆ," ಎಂದು ಅಂಚೆಯವನಿಗೆ ಹೇಳಿದ, ಕ್ಷೌರದವನಿಗೆ ಹೇಳಿದ. ಅರ್ಡಿತಳಿಗೂ ಹೇಳಿದ. ಆ ಮುದುಕಿ ಈ ಸಲ ನಗಲಿಲ್ಲ, ಛೇಡಿಸಲಿಲ್ಲ. ಅವನ ಮುಖವನ್ನೇ ನೋಡಿ, "ದೇವರು ನೋಡ್ಕೋತಾನೆ ಬಿಡು ಕಂದ," ಎಂದು ಅವನ ಮುಂಗೈ ತಟ್ಟಿ ಹೋದಳು. ಅವಳೂ ಒಪ್ಪಿದಳು ಎಂದುಕೊಂಡ ವರ್ಲನ್.

ಜನವರಿಯಲ್ಲಿ ಅವನೇ ಅವಳನ್ನು ಪಿಕ್ಸ್ಟನನ ಬಳಿ ಕರೆದೊಯ್ದ. ಯಾವ ಗಂಡ ತಾನು ಕೊಲ್ಲುತ್ತಿರುವವಳನ್ನು ವೈದ್ಯರಿಗೆ ತೋರಿಸುತ್ತಾನೆ?

"ಸೋಡಾ ಎಷ್ಟು ಈಗ?" ವೈದ್ಯ ಕೇಳಿದ.

ಜನೀಲ್ ಗಂಡನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, "ಮೊದಲಿನಷ್ಟಿಲ್ಲ ಡಾಕ್ಟ್ರೇ," ಎಂದಳು.

"ಎಲ್ಲರೂ ಹಾಗೇ ಹೇಳೋದು."

"ಆರು ಲೋಟ," ವರ್ಲನ್ ಮೆತ್ತಗೆ ಹೇಳಿದ. "ನಾನು ದಿನಾ ಕಣ್ಣಾರೆ ನೋಡ್ತೀನಲ್ಲ."

ಜನೀಲ್ ಅವನ ಮಾತನ್ನು ಅಲ್ಲಗಳೆಯಲಿಲ್ಲ. ವೈದ್ಯ ಗುಳಿಗೆಯ ಪ್ರಮಾಣ ಹೆಚ್ಚಿಸಿದ, ಆರು ಲೋಟ ಎಂದು ಕಡತದಲ್ಲಿ ಬರೆದುಕೊಂಡ. ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಎರಡನೆಯದನ್ನು ಯಾರೂ ಕೇಳುವುದಿಲ್ಲ. ವರ್ಲನ್ ಇಡೀ ಮನೆಯನ್ನು ಕಟ್ಟಿದ್ದು ಈ ಒಂದು ಕಂಬದ ಮೇಲೆ.

ಫೆಬ್ರುವರಿಯ ಒಂದು ಮಧ್ಯಾಹ್ನ ಅವಳು ಸೋಫಾದ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಲೋಟ ಪಕ್ಕದಲ್ಲಿತ್ತು. ಇದ್ದಕ್ಕಿದ್ದಂತೆ ಅದನ್ನೆತ್ತಿ ಅವನತ್ತ ಚಾಚಿದಳು. ಮದುವೆಯ ಹೊಸತರಲ್ಲಿ ಒಂದೇ ಸ್ಟ್ರಾದಲ್ಲಿ ಇಬ್ಬರೂ ಕುಡಿಯುತ್ತಿದ್ದುದುಂಟು.

"ಒಂದು ಗುಟುಕು ಕುಡೀತೀಯಾ, ವರ್ಲನ್?"

ಅವನ ಮೈ ಉರಿಯಿತು. "ಅದನ್ನ ನನ್ನ ಹತ್ರ ತರಬೇಡ."

"ಒಂದೇ ಒಂದು."

"ತರಬೇಡ ಅಂದೆ."

ಅವಳು ಲೋಟವನ್ನು ಎದೆಗೆ ಒತ್ತಿಕೊಂಡು, "ಆಯ್ತು ಬಿಡು," ಎಂದಳು. ಕಂಬಳಿ ಎಳೆದುಕೊಳ್ಳುತ್ತ, "ಒಂದು ಭಾನುವಾರ ಚರ್ಚಿಗೆ ಬಾ. ಏನೂ ಹೇಳ್ಬೇಡ, ನನ್ನ ಪಕ್ಕದಲ್ಲಿ ಕೂತಿದ್ರೆ ಸಾಕು." ಅವನು ಅಂಗಡಿಯ ನೆವ ಹೇಳಿ ಎದ್ದು ಹೋದ.

ಮಾರ್ಚ್ ಮೊದಲ ವಾರದ ಬುಧವಾರ, ಬೆಳಿಗ್ಗೆ ಎಂಟು ಗಂಟೆಗೆ, ಒಗೆದ ಬಟ್ಟೆ ಮಡಿಸುತ್ತಿದ್ದವಳು ಹಾಗೆಯೇ ಒರಗಿದಳು. ಅವನು ಎಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದಂತೆಯೇ ಎಲ್ಲವನ್ನೂ ಮಾಡಿದ. ಫೋನ್ ಮಾಡಿದ, ಎದೆ ಒತ್ತಿದ, ಆಂಬುಲೆನ್ಸಿನ ಹಿಂದೆ ಹೋದ. ಲೆಕ್ಕಕ್ಕೆ ಬರದಿದ್ದದ್ದು ಒಂದೇ: ಎದೆ ಒತ್ತುತ್ತಿದ್ದ ಅವನ ಕೈ ನಿಜಕ್ಕೂ ಒತ್ತುತ್ತಿತ್ತು. ಏಳು, ಏಳು ಎಂದು ಅವನ ಬಾಯಿ ಹೇಳುತ್ತಿತ್ತು. ಯಾರನ್ನು ಎಬ್ಬಿಸುತ್ತಿದ್ದೇನೆ ಎಂದು ಅವನಿಗೆ ತಿಳಿಯಲಿಲ್ಲ. ಕೈಯ ಕೆಳಗಿದ್ದ ಎದೆ ಬಹಳ ಸಣ್ಣದು ಅನ್ನಿಸುತ್ತಿತ್ತು.

ಆಸ್ಪತ್ರೆಯಲ್ಲಿ ಪಿಕ್ಸ್ಟನ್ ಕನ್ನಡಕ ತೆಗೆದು ಕಣ್ಣೊರಸಿಕೊಂಡ. "ಪೊಟ್ಯಾಸಿಯಂ ಪೂರ್ತಿ ಕುಸಿದಿತ್ತು, ಬ್ರದರ್. ಗುಳಿಗೆ ತಗೊಂಡ್ರೂ ಹೀಗಾಗಿದೆ ಅಂದ್ರೆ... ಕೊನೆವರೆಗೂ ಕುಡೀತಿದ್ರಾ?"

"ಇವತ್ತು ಬೆಳಿಗ್ಗೆನೂ ಕೈಯಲ್ಲಿ ಲೋಟ ಇತ್ತು."

"ಆರೇನಾ?"

"ಆರೇ."

ವೈದ್ಯ ಬರೆದುಕೊಂಡ. ಆಸ್ಪತ್ರೆಯಲ್ಲಿ ತೆಗೆದಿಟ್ಟಿದ್ದ ಅವಳ ರಕ್ತವನ್ನು ಬೇರೆ ಯಾವ ಪರೀಕ್ಷೆಗೂ ಕಳಿಸಲಿಲ್ಲ. ಮಣ್ಣು ಮಾಡುವುದು ಮಂಗಳವಾರವೆಂದಾಯಿತು. ನೆರೆಯವರು ಆಲೂಗಡ್ಡೆ ಬೇಯಿಸಿ ಚೀಸು ಹಾಕಿದ ತಟ್ಟೆಗಳನ್ನು ತಂದು ಮೇಜಿನ ಮೇಲೆ ಸಾಲಾಗಿಟ್ಟರು. "ಎಷ್ಟು ಹೇಳಿದ್ವಿ ಆ ಸೋಡಾ ಬಿಡು ಅಂತ," ಎಂದು ಅಂಚೆಯವನು ಅತ್ತ. ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಆದರೂ ಸಂಜೆಯಾದರೆ ಅವನ ಕಾಲು ತಾನಾಗಿ ಅಡುಗೆಮನೆಗೆ ಹೋಗಿ ಪಾತ್ರೆ ಎತ್ತಿಕೊಳ್ಳುತ್ತಿತ್ತು. ಇಬ್ಬರಿಗೆ ಆಗುವಷ್ಟು ನೀರು ಹಿಡಿದು, ಆಮೇಲೆ ನೆನಪಾಗಿ, ಚೆಲ್ಲುತ್ತಿದ್ದ.

ಭಾನುವಾರ ಅವನು ಚರ್ಚಿಗೆ ಹೋದ. ಹೆಂಡತಿ ಸತ್ತವನು ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂಬುದು ಯೋಜನೆಯ ಮಾತು. ಅವಳು ಕೂರುತ್ತಿದ್ದ ಜಾಗದಲ್ಲೇ ಕುಳಿತದ್ದು ಯೋಜನೆಯಲ್ಲಿರಲಿಲ್ಲ. ತಿಂಗಳ ಮೊದಲ ಭಾನುವಾರ ಆ ಜನರಿಗೆ ಉಪವಾಸ. ಅನ್ನ ನೀರು ಮುಟ್ಟದೆ, ಯಾರದೋ ಒಳಿತಿಗಾಗಿ ಬೇಡಿಕೊಂಡು ಬಂದಿರುತ್ತಾರೆ. ಅಂದು ಪ್ರವಚನವಿಲ್ಲ. ಮನಸ್ಸು ತುಂಬಿದವರು ಎದ್ದು ಹೋಗಿ ಎಲ್ಲರೆದುರು ತಮ್ಮ ನಂಬಿಕೆಯ ಸಾಕ್ಷಿ ಹೇಳಿಕೊಳ್ಳುತ್ತಾರೆ. ಎರಡು ಸಾಲು ಮುಂದೆ ಡಾಕ್ಟರ್ ಪಿಕ್ಸ್ಟನ್ ತಲೆ ಬಾಗಿಸಿ ಕುಳಿತಿದ್ದ. ಬರುವವರೆಲ್ಲ ವರ್ಲನನ ಭುಜ ಮುಟ್ಟಿ ಹೋಗುತ್ತಿದ್ದರು. ಇನ್ನೆರಡು ದಿನ, ಎಂದುಕೊಂಡ ಅವನು. ಮಣ್ಣು ಮುಚ್ಚಿದರೆ ಮುಗಿಯಿತು.

ಅರ್ಡಿತ್ ಬ್ಯಾಗ್ಲಿ ಕೋಲೂರಿಕೊಂಡು ಮೈಕಿನ ಮುಂದೆ ಬಂದು, ಅವನನ್ನು ಹುಡುಕಿ ಕಂಡು, ನಕ್ಕಳು. "ವರ್ಲನ್, ಕಂದ, ನೀನು ಬಂದು ಅವಳ ಜಾಗದಲ್ಲಿ ಕೂತಿದ್ದೀಯಲ್ಲ, ಅದಕ್ಕೇ ಹೇಳ್ತಿದ್ದೀನಿ. ಯಾರಿಗೋಸ್ಕರ ಉಪವಾಸ ಹಿಡೀತೀವೋ ಅವರಿಗೆ ಗೊತ್ತಾಗಬಾರದು ಅಂತ ನಮ್ಮ ಬಾಯಿ ಕಟ್ಟಿಹಾಕಿದ್ಲು. ಈಗ ಬೈಯಕ್ಕೆ ಅವಳಿಲ್ಲ. ಹೋದ ಸೆಪ್ಟೆಂಬರಲ್ಲಿ ಒಂದು ಶನಿವಾರ ಬೆಳಿಗ್ಗೆ ನಮ್ಮನೆಗೆ ಬಂದು, 'ಬಿಡಕ್ಕೆ ನನ್ನ ಹತ್ರ ಇರೋದು ಇದೊಂದೇ, ಅವನು ಮತ್ತೆ ನನ್ನ ಮುಖ ನೋಡೋ ಹಾಗಾಗ್ಲಿ ಅಂತ ಇದನ್ನ ಬಿಡ್ತೀನಿ' ಅಂದ್ಲು. ಅವತ್ತಿಂದ ಒಂದು ತೊಟ್ಟು ಸೋಡಾ ಮುಟ್ಟಲಿಲ್ಲ ಅವಳು. ಸಂಘದ ಹನ್ನೊಂದು ಹೆಂಗಸರಿಗೂ ಗೊತ್ತು, ಅಂಗಡಿ ಹುಡುಗೀರಿಗೂ ಗೊತ್ತು." ಎರಡು ಸಾಲು ಮುಂದೆ ಬಾಗಿದ್ದ ತಲೆ ನಿಧಾನವಾಗಿ ಮೇಲೆದ್ದಿತು. ವೈದ್ಯ ಹಿಂತಿರುಗಿ ವರ್ಲನನನ್ನು ನೋಡಿದ. ನೋಡುತ್ತಲೇ ಇದ್ದ. ಮುದುಕಿಗೆ ಅದು ಕಾಣಲಿಲ್ಲ, ಅವಳ ಕಣ್ಣು ಮಂಜಾಗಿತ್ತು. "ಮತ್ತೆ ಆ ಲೋಟ ಯಾಕೆ ಹೊತ್ಕೊಂಡು ತಿರುಗ್ತೀಯೇ ಅಂತ ಕೇಳಿದ್ರೆ, 'ಖಾಲಿ ಕೈ ನೋಡಿ ಅವನೇನಾದ್ರೂ ಕೇಳಿದ್ರೆ ಸುಳ್ಳು ಹೇಳಬೇಕಾಗುತ್ತಲ್ಲ' ಅಂತಿದ್ಲು. ಆರು ತಿಂಗಳಿಂದ ಅದರಲ್ಲಿದ್ದಿದ್ದು ಬರೀ ನೀರು, ಕಂದ. ನಿಂಬೆಹೋಳು ಹಿಂಡಿದ ನೀರು."